ಮೂರನೆಯ ತಲೆಮಾರು ಎಲ್ಲಿದೆ?

ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ಯನ್ನು ಮೂರು ತಲೆಮಾರುಗಳ ಕಾದಂಬರಿ ಎಂದು ಕರೆಯುವುದು ರೂಢಿ. ತರಗತಿಯಲ್ಲಿ ಹಾಗೆಯೇ ಪಾಠವಾಗುತ್ತದೆ, ಪರೀಕ್ಷೆಯಲ್ಲಿ ಹಾಗೆಯೇ ಪ್ರಶ್ನೆ ಬರುತ್ತದೆ. ರಾಮ ಐತಾಳರು ದುಡಿದು ಕಟ್ಟಿದರು, ಮಗ ಲಚ್ಚ ಹಾಳುಗೆಡವಿದ, ಮೊಮ್ಮಗ ರಾಮ ಊರೂರು ಅಲೆದು ಕೊನೆಗೆ ಮಣ್ಣಿಗೆ ಮರಳಿದ. ಈ ಸಾರಾಂಶದಲ್ಲಿ ತಪ್ಪೇನೂ ಇಲ್ಲ. ಆದರೆ ‘ಮೂರು ತಲೆಮಾರು’ ಎನ್ನುವುದು ಕಥೆ ಹೇಳುವ ಒಂದು ಕ್ರಮ ಮಾತ್ರವಲ್ಲ, ಅದರ ಅಡಿಯಲ್ಲಿ ಜನಸಂಖ್ಯೆಯ ಒಂದು ಲೆಕ್ಕವೂ ಇದೆ. ಮೊಮ್ಮಗ ಮರಳಬೇಕಾದರೆ ಮೊದಲು ಅವನು ಹುಟ್ಟಿರಬೇಕು. ನಮ್ಮ ಕರಾವಳಿಯ ಕಥನ ಈ ಲೆಕ್ಕವನ್ನು ಎಷ್ಟು ಸಹಜವೆಂದು ನಂಬಿಕೊಂಡಿದೆಯೆಂದರೆ, ಹೋದವರು ಬರುತ್ತಾರೋ ಇಲ್ಲವೋ ಎಂದು ಅದು ನೂರು ಬಗೆಯಲ್ಲಿ ಕೇಳಿದೆ. ಬರಲು ಯಾರಾದರೂ ಇದ್ದಾರೆಯೇ ಎಂದು ಕೇಳಿದ್ದು ಕಡಿಮೆ.

ಈ ಪ್ರಶ್ನೆ ಈಗ ಏಕೆ ಬಂತು ಎಂಬುದಕ್ಕೆ ಕೆಲವು ಅಂಕಿಗಳನ್ನು ಮುಂದಿಡುತ್ತೇನೆ. 2001ರ ಜನಗಣತಿಯಲ್ಲಿ ಉಡುಪಿ ಜಿಲ್ಲೆಯ ಜನಸಂಖ್ಯೆ 11,12,243. 2011ರಲ್ಲಿ 11,77,361. ಹತ್ತು ವರ್ಷದಲ್ಲಿ ಶೇಕಡ 6ಕ್ಕಿಂತ ಕಡಿಮೆ ಏರಿಕೆ. ಅದೇ ಅವಧಿಯಲ್ಲಿ ಇಡೀ ಕರ್ನಾಟಕ ಬೆಳೆದದ್ದು ಶೇಕಡ 15.6ರಷ್ಟು. ಘಟ್ಟ ಹತ್ತಿದರೆ ಸಿಗುವ ಚಿಕ್ಕಮಗಳೂರು ಜಿಲ್ಲೆ ಬೆಳೆಯಲೇ ಇಲ್ಲ, 11,40,905ರಿಂದ 11,37,961ಕ್ಕೆ ಇಳಿಯಿತು. ಉಡುಪಿಯಲ್ಲಿ 2011ರಲ್ಲಿ ಸಾವಿರ ಗಂಡಸರಿಗೆ 1,094 ಹೆಂಗಸರು. ರಾಜ್ಯದ ಸರಾಸರಿ 973. ಇಲ್ಲಿ ಹೆಣ್ಣುಮಕ್ಕಳ ಸ್ಥಿತಿ ತುಲನೆಯಲ್ಲಿ ಮೇಲು ಎಂಬ ಸಮಾಧಾನ ಈ ಸಂಖ್ಯೆಯಲ್ಲಿದೆ. ದುಡಿಯುವ ಪ್ರಾಯದ ಗಂಡಸರು ಮುಂಬಯಿ, ಬೆಂಗಳೂರು, ಗಲ್ಫ್ ಎಂದು ಹೊರಗಿದ್ದಾರೆ ಎಂಬ ಹಳೆಯ ಸತ್ಯವೂ ಅದೇ ಸಂಖ್ಯೆಯಲ್ಲಿದೆ. 2021ರಲ್ಲಿ ಆಗಬೇಕಿದ್ದ ಜನಗಣತಿ ಆಗಲಿಲ್ಲವಾದ್ದರಿಂದ ಬಹುಕಾಲ ಇವೇ ಅಂಕಿಗಳನ್ನು ಹಿಡಿದು ಮಾತಾಡಬೇಕಾಗಿ ಬಂದಿದೆ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಕರ್ನಾಟಕದ ಒಟ್ಟು ಫಲವಂತಿಕೆ ದರವನ್ನು 1.7 ಎಂದು ಕೊಟ್ಟಿತು. ಒಬ್ಬ ಮಹಿಳೆ ಸರಾಸರಿ ಎರಡು ಮಕ್ಕಳಿಗೂ ಜನ್ಮ ಕೊಡುತ್ತಿಲ್ಲ ಎಂದು ಇದರ ಅರ್ಥ. ಒಂದು ತಲೆಮಾರು ತನ್ನ ಜಾಗಕ್ಕೆ ಅಷ್ಟೇ ಸಂಖ್ಯೆಯ ಇನ್ನೊಂದು ತಲೆಮಾರನ್ನು ಬಿಟ್ಟುಹೋಗಬೇಕಾದರೆ ಈ ದರ 2.1ರ ಸುತ್ತ ಇರಬೇಕು. ಕರಾವಳಿಯಲ್ಲಿ ಹೆರಿಗೆಯ ಪ್ರಮಾಣ ರಾಜ್ಯದ ಉಳಿದ ಕಡೆಗಿಂತ ಮೊದಲೇ ಇಳಿದಿತ್ತು. ಹುಡುಗಿಯರು ಶಾಲೆಗೆ ಹೋದರು, ಮದುವೆಯ ವಯಸ್ಸು ಮುಂದೆ ಹೋಯಿತು, ಆಸ್ಪತ್ರೆಗಳು ಹತ್ತಿರ ಬಂದವು, ಹುಟ್ಟಿದ ಮಕ್ಕಳು ಬದುಕುತ್ತಾರೆಂಬ ಧೈರ್ಯ ಬಂತು. ಇದರಲ್ಲಿ ಅಳಬೇಕಾದ್ದು ಏನೂ ಇಲ್ಲ. ಬೀಡಿ ಕಟ್ಟಿ, ಗೇರುಬೀಜದ ಕಾರ್ಖಾನೆಯಲ್ಲಿ ಕೈ ಕಪ್ಪು ಮಾಡಿಕೊಂಡು ಮಕ್ಕಳನ್ನು ಓದಿಸಿದ ಕಾರ್ಕಳ, ಕಾಪು ಕಡೆಯ ತಾಯಂದಿರು ಬಯಸಿದ್ದು ಇದನ್ನೇ. ಓದಿದ ಮಕ್ಕಳು ಊರು ಬಿಟ್ಟರು. ಅವರಿಗೆ ಒಂದೋ ಎರಡೋ ಮಕ್ಕಳು, ಅವೂ ಹೊರಗೆ. ಕಟ್ಟಿದ ಕೈಗಳಿಗೆ ಈಗ ಎಪ್ಪತ್ತು ದಾಟಿದೆ.

ಇಷ್ಟು ಹೇಳಿದ ಮೇಲೆ ಸಾಹಿತ್ಯಕ್ಕೆ ಮರಳುತ್ತೇನೆ. ಕರಾವಳಿಯ ಕಥನದಲ್ಲಿ ಕುಟುಂಬವನ್ನು ಕುರಿತು ಸಂಶೋಧನೆ ಮಾಡುತ್ತಿರುವವಳಾಗಿ ನನಗೆ ಕಾಡುವ ಪ್ರಶ್ನೆ ಇದು: ಹುಟ್ಟು ಕಡಿಮೆಯಾಗಿ ಮುಪ್ಪು ಹೆಚ್ಚಾದ ಊರನ್ನು ಓದಲು ನಮ್ಮ ಬಳಿ ಇರುವ ಪುಸ್ತಕಗಳು ನೆರವಾಗುತ್ತವೆಯೇ? ಅಥವಾ ಅವು ಕಲಿಸಿದ ಹಂಬಲವೇ ನಮ್ಮ ಕಣ್ಣಿಗೆ ಅಡ್ಡ ಬರುತ್ತಿದೆಯೇ?

‘ಮರಳಿ ಮಣ್ಣಿಗೆ’ ಬಂದದ್ದು 1940ರ ದಶಕದ ಆರಂಭದಲ್ಲಿ. ಅದರ ಮೊದಲ ಭಾಗವನ್ನು ನಡೆಸುವುದು ಮಣ್ಣಿನ ಮೋಹ ಎಂದು ನಾವು ಹೇಳುತ್ತೇವೆ. ಅದಕ್ಕಿಂತ ಹೆಚ್ಚಾಗಿ ಅದನ್ನು ನಡೆಸುವುದು ಮಕ್ಕಳಿಲ್ಲದ ಭಯ. ಪಾರೋತಿಗೆ ಮಕ್ಕಳಾಗಲಿಲ್ಲ ಎಂಬ ಕಾರಣಕ್ಕೆ ಐತಾಳರು ಸತ್ಯಭಾಮೆಯನ್ನು ಎರಡನೆಯ ಹೆಂಡತಿಯಾಗಿ ತರುತ್ತಾರೆ. ಆಗ ಹುಟ್ಟಿದ ಗಂಡುಮಗುವೇ ಲಚ್ಚ. ವಂಶ ಉಳಿಸಲೆಂದು ಬಂದವನು ವಂಶದ ಆಸ್ತಿಯನ್ನು ಕಳೆಯುತ್ತಾನೆ, ರೋಗ ತಂದು ಹೆಂಡತಿ ನಾಗವೇಣಿಗೆ ಹಂಚುತ್ತಾನೆ, ಅವಳ ಮಕ್ಕಳು ಸಾಯುತ್ತವೆ. ಕಾರಂತರು ಯಾವ ಭಾಷಣವನ್ನೂ ಮಾಡದೆ ಒಂದು ಮಾತನ್ನು ಸ್ಪಷ್ಟ ಮಾಡುತ್ತಾರೆ. ಗಂಡುಸಂತಾನ ಹುಟ್ಟಿದ ಮಾತ್ರಕ್ಕೆ ಮನೆ ಉಳಿಯುವುದಿಲ್ಲ. ಹಾಗಾದರೆ ಮನೆಯನ್ನು ಉಳಿಸಿದ್ದು ಯಾರು? ಐತಾಳರ ತಂಗಿ ಸರಸೋತಿ, ವಿಧವೆ. ಮಕ್ಕಳಾಗದ ಪಾರೋತಿ. ಮಕ್ಕಳನ್ನು ಕಳೆದುಕೊಂಡ ನಾಗವೇಣಿ. ಗದ್ದೆಗೆ ಇಳಿದವರು, ಕಟ್ಟಿಗೆ ತಂದವರು, ಉಪ್ಪು ಗಾಳಿಯಲ್ಲಿ ಬೆನ್ನು ಬಗ್ಗಿಸಿದವರು ಈ ಹೆಂಗಸರು. ಮೂರು ತಲೆಮಾರಿನ ಗಂಡಸರ ಹೆಸರಿನಲ್ಲಿ ನಾವು ಓದುವ ಕಾದಂಬರಿಯ ಒಳಗೆ, ಹೆರುವುದಕ್ಕೂ ಉಳಿಸುವುದಕ್ಕೂ ನೇರ ಸಂಬಂಧವಿಲ್ಲದ ಇನ್ನೊಂದು ಕಾದಂಬರಿ ಇದೆ. ಅದನ್ನು ಮುಂದೆ ಮತ್ತೆ ನೋಡೋಣ.

ಆದರೆ ನಮ್ಮ ಓದು ಹಿಡಿದುಕೊಂಡದ್ದು ‘ಮರಳಿ’ ಎಂಬ ಪದವನ್ನು. ಊರು ಬಿಡುವುದು ಕರಾವಳಿಗೆ ಹೊಸತಲ್ಲ. ಕಾದಂಬರಿಯಲ್ಲೇ ಶೀನ ಮಯ್ಯರ ಮನೆಯವರು ಬೆಂಗಳೂರಿನಲ್ಲಿ ಹೋಟೆಲು ಹಾಕಿ ಹಣ ಮಾಡುತ್ತಾರೆ. ಅನಂತರದ ಕಥೆ ನಮಗೆ ಗೊತ್ತು. 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ ಮತ್ತು ಅದರ ಜೊತೆಯ ಬ್ಯಾಂಕುಗಳು ಇಲ್ಲಿನ ಹುಡುಗರನ್ನು ದೇಶದ ಮೂಲೆಮೂಲೆಗೆ ಕಳಿಸಿದವು. 1974ರ ಭೂಸುಧಾರಣೆಯ ತಿದ್ದುಪಡಿಯ ಮೇಲೆ ಗೇಣಿ ಕಳೆದುಕೊಂಡ ಮನೆಗಳ ಮಕ್ಕಳು ಮುಂಬಯಿಯ ಹೋಟೆಲುಗಳಿಗೆ ಹೋದರು. ಗೇಣಿಯ ಭೂಮಿ ಪಡೆದ ಮನೆಗಳ ಮಕ್ಕಳೂ ಒಂದು ತಲೆಮಾರು ಕಳೆಯುವಷ್ಟರಲ್ಲಿ ಅದೇ ಹಾದಿ ಹಿಡಿದರು. 1998ರಲ್ಲಿ ಕೊಂಕಣ ರೈಲು ಪೂರ್ತಿ ಓಡತೊಡಗಿದಾಗ ಊರು ಹತ್ತಿರವಾಯಿತು ಎಂದು ಎಲ್ಲರೂ ಸಂತೋಷಪಟ್ಟರು. ಹೋಗುವುದೂ ಅಷ್ಟೇ ಸುಲಭವಾಯಿತು. ಮರಳುವುದು ಈಗ ವರ್ಷಕ್ಕೊಮ್ಮೆಯ ಕಾರ್ಯಕ್ರಮ. ನೇಮ, ತಂಬಿಲ, ದೇವಸ್ಥಾನದ ಬ್ರಹ್ಮಕಲಶ, ಕಾಪುವಿನ ಮಾರಿಪೂಜೆ, ತರವಾಡು ಮನೆಯ ಜೀರ್ಣೋದ್ಧಾರ. ಆ ನಾಲ್ಕು ದಿನ ಅಂಗಳದ ತುಂಬ ಕಾರುಗಳು. ಐದನೆಯ ದಿನ ಮನೆಗೆ ಬೀಗ, ಅಥವಾ ಒಳಗೆ ಇಬ್ಬರು ಮುದುಕರು.

ಕರಾವಳಿಯ ಸಣ್ಣಕಥೆಗಳಲ್ಲಿ, ಅದರಲ್ಲೂ ಕಳೆದ ಮೂವತ್ತು ವರ್ಷಗಳಲ್ಲಿ ಬಂದ ಬಹಳಷ್ಟು ಬರಹಗಳಲ್ಲಿ, ಈ ಐದನೆಯ ದಿನ ಒಂದು ಸಿದ್ಧ ದೃಶ್ಯವಾಗಿಬಿಟ್ಟಿದೆ. ಪಾಚಿಗಟ್ಟಿದ ತುಳಸಿಕಟ್ಟೆ, ಗೆದ್ದಲು ತಿಂದ ಬಾಗಿಲು, ಫೋನಿಗೆ ಕಾಯುವ ತಾಯಿ. ಓದಿದಾಗ ಕಣ್ಣು ಮಂಜಾಗುತ್ತದೆ, ನಿಜ. ಆದರೆ ಈ ದೃಶ್ಯವನ್ನು ಯಾರ ಕಣ್ಣಿನಿಂದ ನೋಡಲಾಗಿದೆ? ಬಹುಪಾಲು ಹೋದ ಮಗನ ಕಣ್ಣಿನಿಂದ. ತಾಯಿ ಅಲ್ಲಿ ಕಾಯುತ್ತಾಳೆ, ಅಷ್ಟೇ. ಕಾಯುವುದರ ಆಚೆಗೆ ಅವಳಿಗೆ ಬೆಳಗಿನಿಂದ ರಾತ್ರಿಯವರೆಗೆ ಏನಿದೆ ಎಂದು ಕಥೆ ಕೇಳುವುದಿಲ್ಲ. ಅವಳ ಮಂಡಿನೋವು ಮಗನ ಅಪರಾಧಪ್ರಜ್ಞೆಗೆ ಒಂದು ಸಾಮಗ್ರಿಯಾಗುತ್ತದೆ. ನನ್ನ ತಕರಾರು ಇರುವುದು ಇಲ್ಲಿ. ಮುಪ್ಪು ಹೆಚ್ಚುತ್ತಿರುವ ಜಿಲ್ಲೆಯೊಂದರ ಸಾಹಿತ್ಯದಲ್ಲಿ ಮುದುಕರು ಪಾತ್ರಗಳಾಗುವುದಕ್ಕಿಂತ ಸಂಕೇತಗಳಾಗುವುದು ಹೆಚ್ಚಾದರೆ, ಸಾಹಿತ್ಯ ತನ್ನ ಊರನ್ನು ನೋಡುತ್ತಿಲ್ಲ ಎಂದೇ ಅರ್ಥ.

ಹಾಗೆಂದು ಮುದುಕರೇ ಇಲ್ಲದ ಸಾಹಿತ್ಯ ನಮ್ಮದಲ್ಲ. ಕನ್ನಡದ ಅತಿ ದೊಡ್ಡ ಅಜ್ಜಿ ಈ ಜಿಲ್ಲೆಯ ಲೇಖಕನ ಕೈಯಿಂದಲೇ ಬಂದವಳು. ‘ಮೂಕಜ್ಜಿಯ ಕನಸುಗಳು’ 1968ರ ಕೃತಿ, ಅದಕ್ಕೆ 1977ರ ಜ್ಞಾನಪೀಠ ಬಂತು. ಎಂಬತ್ತರ ಆಸುಪಾಸಿನ ಮೂಕಜ್ಜಿ ಕಾಲಗಳನ್ನು ಮುಟ್ಟಿ ನೋಡುತ್ತಾಳೆ, ದೇವರು, ಕಾಮ, ಸಾವು ಎಲ್ಲದರ ಬಗ್ಗೆ ಮೊಮ್ಮಗ ಸುಬ್ಬರಾಯನ ಜೊತೆ ನಿರ್ಭಯವಾಗಿ ಮಾತಾಡುತ್ತಾಳೆ. ನಾವು ಮರೆಯುವ ಒಂದು ಸಂಗತಿ ಇದೆ. ಮೂಕಜ್ಜಿ ಬಾಲವಿಧವೆ, ಅವಳು ಹೆತ್ತವಳಲ್ಲ. ಕನ್ನಡಿಗರೆಲ್ಲರ ಅಜ್ಜಿಗೆ ಸ್ವಂತ ಮಕ್ಕಳಿಲ್ಲ. ಆದರೂ ‘ಅಜ್ಜಿ’ ಎನ್ನುವ ಪದ ಅವಳಿಗೆ ಒಪ್ಪುತ್ತದೆ, ಏಕೆಂದರೆ ಕೇಳುವ ಒಬ್ಬ ಸುಬ್ಬರಾಯ ಪಕ್ಕದಲ್ಲಿ ಕುಳಿತಿದ್ದಾನೆ. ಅಜ್ಜಿತನ ಇಲ್ಲಿ ರಕ್ತದ ಲೆಕ್ಕಕ್ಕಿಂತ ಮಾತು ಮತ್ತು ಕಿವಿಯ ಸಂಬಂಧ. ಇವತ್ತಿನ ಮೂಕಜ್ಜಿಯರಿಗೆ ಮಕ್ಕಳಿದ್ದಾರೆ, ಮೊಮ್ಮಕ್ಕಳೂ ಇರಬಹುದು. ಕೊರತೆ ಸುಬ್ಬರಾಯನದ್ದು. ವಾರಕ್ಕೊಮ್ಮೆ ವೀಡಿಯೊ ಕಾಲಿನಲ್ಲಿ ಕಾಣುವ ಮೊಮ್ಮಗುವಿಗೆ ಅಜ್ಜಿಯ ಭಾಷೆಯೇ ಅರ್ಧ ಗೊತ್ತಿರುವುದಿಲ್ಲ. ಮೂಕಜ್ಜಿ ತನ್ನ ಹೆಸರಿನ ಪೂರ್ತಿ ಅರ್ಥಕ್ಕೆ ಇಳಿಯುವುದು ಹೀಗೆ.

ಇನ್ನೊಬ್ಬಳನ್ನೂ ನೆನೆಯಬೇಕು. ವೈದೇಹಿಯವರ ‘ಗುಲಾಬಿ ಟಾಕೀಸು’ ಕಥೆಯ ಲಿಲ್ಲಿಬಾಯಿ ಸೂಲಗಿತ್ತಿ. ಗಿರೀಶ ಕಾಸರವಳ್ಳಿಯವರು 2008ರಲ್ಲಿ ಮಾಡಿದ ಸಿನಿಮಾದಲ್ಲೂ ಉಮಾಶ್ರೀ ನಟಿಸಿದ ಗುಲಾಬಿ ಸೂಲಗಿತ್ತಿಯೇ, ಕುಂದಾಪುರದ ಕಡೆಯ ಮೀನುಗಾರರ ನಡುವಿನ ಮುಸ್ಲಿಂ ಹೆಂಗಸು. ಈ ಕೃತಿಗಳನ್ನು ನಾವು ಸಿನಿಮಾ, ಟಿ.ವಿ., ಜಾಗತೀಕರಣ, ಕೋಮುದ್ವೇಷ ಎಂಬ ಶಬ್ದಗಳಲ್ಲಿ ಚರ್ಚಿಸಿದ್ದೇವೆ. ಚರ್ಚಿಸಬೇಕಾದ್ದೇ. ಆದರೆ ನಾಯಕಿ ಸೂಲಗಿತ್ತಿಯೇ ಏಕೆ ಎಂದು ಕೇಳಿದ್ದು ಕಡಿಮೆ. ಊರಿನ ಎಲ್ಲ ಜಾತಿಯ, ಎಲ್ಲ ಮತದ ಮಕ್ಕಳನ್ನು ಮೊದಲು ಮುಟ್ಟಿದ ಕೈ ಅವಳದು. ಅವಳ ಕಸುಬು ಮೊದಲು ಆಸ್ಪತ್ರೆಗೆ ಹೋಯಿತು, ಆಮೇಲೆ ಹುಟ್ಟುಗಳೇ ವಿರಳವಾದವು. ಸಿನಿಮಾದ ಕೊನೆಯಲ್ಲಿ ಗುಲಾಬಿಯನ್ನು ಊರಿನಿಂದ ಹೊರಗಟ್ಟಲಾಗುತ್ತದೆ. ಅವಳು ಬಿಟ್ಟುಹೋದ ಟಿ.ವಿ. ನೋಡಲು ಅವಳ ಮನೆಯೊಳಗೆ ಹೋಗುವವರು ಇಬ್ಬರು ಮುದುಕಿಯರು. ಹದಿನೈದು ವರ್ಷಗಳ ಹಿಂದೆ ಅದು ಕೋಮುರಾಜಕಾರಣದ ದೃಶ್ಯವಾಗಿ ಕಂಡಿತ್ತು. ಈಗ ಅದರ ಜೊತೆಗೆ ಇನ್ನೊಂದು ಅರ್ಥವೂ ಕಾಣುತ್ತದೆ. ಮಕ್ಕಳನ್ನು ಎತ್ತಿಕೊಂಡವಳನ್ನು ಓಡಿಸಿದ ಊರಿನಲ್ಲಿ ಕೊನೆಗೆ ಉಳಿಯುವುದು ಮುಪ್ಪು ಮತ್ತು ಒಂದು ಪರದೆ.

ಮಣಿಪಾಲದಲ್ಲಿ ಓಡಾಡುವವರಿಗೆ ಈ ಜಿಲ್ಲೆ ಮುದುಕಾಗುತ್ತಿದೆ ಎಂದರೆ ನಂಬುವುದು ಕಷ್ಟ. 1953ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಆರಂಭವಾದ ಆ ಗುಡ್ಡದ ಮೇಲೆ ಈಗ ಸಂಜೆಯಾದರೆ ಬರೀ ಇಪ್ಪತ್ತರ ಹರೆಯದ ಮುಖಗಳು. ಅವರು ದೇಶದ ಎಲ್ಲ ಕಡೆಯಿಂದ ಬಂದವರು, ಪದವಿ ಮುಗಿಸಿ ಹೋಗುವವರು. ಜಿಲ್ಲೆಯವರು ಆ ಗುಡ್ಡ ಹತ್ತುವುದು ಹೆಚ್ಚಾಗಿ ಆಸ್ಪತ್ರೆಗೆ, ಕಣ್ಣಿನ ಪೊರೆಗೆ, ಮೂತ್ರಪಿಂಡಕ್ಕೆ, ಬಿದ್ದು ಮುರಿದ ಸೊಂಟಕ್ಕೆ. ಕಾರಂತರೂ ತೀರಿಕೊಂಡದ್ದು ಮಣಿಪಾಲದಲ್ಲಿ, 1997ರ ಡಿಸೆಂಬರ್ 9ರಂದು, ತೊಂಬತ್ತೈದು ದಾಟಿದ ಪ್ರಾಯದಲ್ಲಿ. ದಕ್ಷಿಣ ಕನ್ನಡವನ್ನು ಒಡೆದು ಉಡುಪಿ ಜಿಲ್ಲೆ ಮಾಡಿದ್ದು ಅದೇ ವರ್ಷದ ಆಗಸ್ಟಿನಲ್ಲಿ.

ಅದೇ ಮಣಿಪಾಲದಲ್ಲಿ ಹಸ್ತಶಿಲ್ಪ ಪಾರಂಪರಿಕ ಗ್ರಾಮವಿದೆ. ಬ್ಯಾಂಕ್ ಉದ್ಯೋಗಿಯಾಗಿದ್ದ ವಿಜಯನಾಥ ಶೆಣೈ ಅವರು, ಬೀಳುತ್ತಿದ್ದ ಹಳೆಯ ಮನೆಗಳನ್ನು ಬಿಡಿಬಿಡಿಯಾಗಿ ಬಿಚ್ಚಿ ತಂದು ಅಲ್ಲಿ ಮತ್ತೆ ನಿಲ್ಲಿಸಿದರು. ಕುಂಜೂರು ಚೌಕಿ ಮನೆ, ಕಾರ್ಕಳದ ಪಕ್ಕದ ಮಿಯಾರಿನ ಹೆಸರು ಹೊತ್ತ ಮನೆ, ಹರ್ಕೂರು ಒಳಗಿನ ಮನೆ. ಒಬ್ಬ ಮನುಷ್ಯ ತನ್ನ ಆಯುಸ್ಸನ್ನೇ ಹಾಕಿ ಮಾಡಿದ ಕೆಲಸ ಅದು, ಅದರ ಬಗ್ಗೆ ನನಗೆ ಗೌರವ ಬಿಟ್ಟು ಬೇರೆ ಇಲ್ಲ. ಆ ಕಂಬಗಳ ಕೆತ್ತನೆ ಉಳಿದದ್ದು ಅವರಿಂದ. ಆದರೆ ನಮ್ಮ ಇತ್ತೀಚಿನ ಗದ್ಯ ಅದನ್ನೇ ಮಾದರಿಯಾಗಿ ತೆಗೆದುಕೊಂಡಂತಿದೆ. ಮನೆ ಸಿಗುತ್ತದೆ, ವಾಸ ಸಿಗುವುದಿಲ್ಲ. ಕಡೆಗೋಲು, ಮರಿಗೆ, ಕಳಸಿಗೆ ಎಂದು ಪಟ್ಟಿ ಮಾಡುವ ಪ್ರಬಂಧಗಳು ಬರುತ್ತಲೇ ಇವೆ. ಆ ಕಳಸಿಗೆಯಿಂದ ಈಗ ಯಾರಿಗೆ ಅಕ್ಕಿ ಅಳೆಯಬೇಕು ಎಂಬ ಪ್ರಶ್ನೆಯನ್ನು ಎತ್ತದಿದ್ದರೆ, ಸಾಹಿತ್ಯಕ್ಕೂ ವಸ್ತುಸಂಗ್ರಹಾಲಯದ ಫಲಕಕ್ಕೂ ವ್ಯತ್ಯಾಸ ಉಳಿಯುವುದಿಲ್ಲ.

ನಮ್ಮದು ಜಗತ್ತಿನಲ್ಲಿ ಒಂಟಿ ಅನುಭವವಲ್ಲ. ದೇಶಗಳು ಒಡೆದು ಹುಟ್ಟಿದ ಹೊಸ ದೇಶಗಳಲ್ಲಿ ಇದು ಇನ್ನೂ ಕಟುವಾಗಿ ನಡೆಯಿತು. ಯುಗೋಸ್ಲಾವಿಯಾ ಒಡೆದ 1991ರಲ್ಲಿ ಕ್ರೊಯೇಷಿಯಾದ ಜನಸಂಖ್ಯೆ ಸುಮಾರು 47.8 ಲಕ್ಷ. 2021ರಲ್ಲಿ ಅದು 38.7 ಲಕ್ಷ. ಸೋವಿಯತ್ ಒಕ್ಕೂಟದ ಭಾಗವಾಗಿದ್ದ ಲಾಟ್ವಿಯಾದಲ್ಲಿ 1989ರಲ್ಲಿ 26.7 ಲಕ್ಷ ಜನರಿದ್ದರು, ಈಗ 19 ಲಕ್ಷಕ್ಕಿಂತ ಕಡಿಮೆ. ಯುದ್ಧ, ಕೆಲಸದ ನಾಶ, ಹುಟ್ಟಿನ ಇಳಿಕೆ, ಮತ್ತು ಯುರೋಪಿಯನ್ ಒಕ್ಕೂಟ ಸೇರಿದ ಮೇಲೆ ತೆರೆದ ಬಾಗಿಲು, ಎಲ್ಲವೂ ಸೇರಿದವು. ಸ್ವಂತ ಬಾವುಟ, ಸ್ವಂತ ಭಾಷೆ, ಸ್ವಂತ ಗಡಿ ಸಿಕ್ಕಿತು. ಅದರೊಳಗೆ ಇರಬೇಕಾದ ಯುವಜನರು ಜರ್ಮನಿಗೋ ಐರ್ಲೆಂಡಿಗೋ ಹೋದರು.

ನಮ್ಮಲ್ಲೂ ಒಂದು ರಾಜ್ಯ ಒಡೆದಿದೆ. 1956ರಲ್ಲಿ ಮದ್ರಾಸಿನಿಂದ ಕಳಚಿಕೊಂಡ ದಕ್ಷಿಣ ಕನ್ನಡ ಜಿಲ್ಲೆ ಮೈಸೂರಿಗೆ ಸೇರಿತು, ಅದರ ತೆಂಕಣ ತುದಿಯ ಕಾಸರಗೋಡು ಕೇರಳಕ್ಕೆ ಹೋಯಿತು. ಹೋಲಿಕೆಯನ್ನು ತೀರ ಎಳೆಯಬಾರದು. ಇಲ್ಲಿ ಜನ ಕಡಿಮೆಯಾಗಲು ಗಡಿ ಕಾರಣವಲ್ಲ, ಗಡಿಯ ಎರಡೂ ಬದಿಯಲ್ಲಿ ಹುಟ್ಟು ಒಂದೇ ರೀತಿ ಇಳಿಯುತ್ತಿದೆ. ಆದರೆ ಒಂದು ಪಾಠ ಸಮಾನ. ಕಯ್ಯಾರ ಕಿಞ್ಞಣ್ಣ ರೈಗಳ ತಲೆಮಾರಿಗೆ ಕಾಸರಗೋಡು ನಕ್ಷೆಯ ಪ್ರಶ್ನೆಯಾಗಿತ್ತು. ಚಂದ್ರಗಿರಿ ಹೊಳೆಯ ಬಡಗಣ ಭಾಗ ಕರ್ನಾಟಕಕ್ಕೆ ಸೇರಬೇಕು ಎಂದು ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟಿತು, ಜಾರಿಯಾಗಲಿಲ್ಲ. ಕಿಞ್ಞಣ್ಣ ರೈಗಳು ನೂರು ವರ್ಷ ಬದುಕಿ 2015ರಲ್ಲಿ ತೀರಿಕೊಂಡರು. ಈಗ ಆ ಪ್ರಶ್ನೆಯನ್ನು ನಿರ್ಧರಿಸುವುದು ನಕ್ಷೆಯಲ್ಲ. ಕನ್ನಡ ಶಾಲೆಯ ಒಂದನೆಯ ತರಗತಿಗೆ ಜೂನ್ ತಿಂಗಳಲ್ಲಿ ಎಷ್ಟು ಮಕ್ಕಳು ಬಂದರು ಎಂಬುದು. ಗಡಿಯ ಈಚೆಗೆ, ಕರ್ನಾಟಕದೊಳಗೇ ಇರುವ ನಮ್ಮ ಹಳ್ಳಿಶಾಲೆಗಳಿಗೂ ಅದೇ ಮಾತು. ಭಾಷೆಗೆ ರಾಜ್ಯ ಸಿಕ್ಕರೆ ಸಾಲದು, ಅದಕ್ಕೆ ಮಕ್ಕಳು ಬೇಕು.

ಮುಪ್ಪಾಗುತ್ತಿರುವ ಸಮಾಜ ಹಂಬಲಕ್ಕೆ ಬಲಿಯಾದರೆ ಏನಾಗಬಹುದು ಎಂಬುದನ್ನು ಬಲ್ಗೇರಿಯಾದ ಗಿಯೊರ್ಗಿ ಗೊಸ್ಪೊದಿನೊವ್ ಅವರ ‘ಟೈಮ್ ಶೆಲ್ಟರ್’ ಕಾದಂಬರಿ ತೋರಿಸುತ್ತದೆ. 2023ರಲ್ಲಿ ಅಂತರರಾಷ್ಟ್ರೀಯ ಬೂಕರ್ ಪಡೆದ ಈ ಕೃತಿಯಲ್ಲಿ, ಮರೆವಿನ ರೋಗಿಗಳಿಗಾಗಿ ಹಳೆಯ ದಶಕಗಳನ್ನು ಹಾಗೆಹಾಗೆಯೇ ಮರುಸೃಷ್ಟಿಸುವ ಒಂದು ಚಿಕಿತ್ಸಾಲಯವಿದೆ. ಮೊದಲು ರೋಗಿಗಳಿಗೆ ಔಷಧಿಯಾದದ್ದು ಆಮೇಲೆ ಆರೋಗ್ಯವಂತರಿಗೂ ಬೇಕಾಗುತ್ತದೆ. ಕೊನೆಗೆ ದೇಶಗಳೇ ತಾವು ಯಾವ ದಶಕಕ್ಕೆ ಮರಳಬೇಕು ಎಂದು ಮತ ಹಾಕುತ್ತವೆ. ಬಲ್ಗೇರಿಯಾ ಒಡೆದ ದೇಶವಲ್ಲ, ಆದರೆ ಸುಮಾರು 90 ಲಕ್ಷದಿಂದ ಮೂರು ದಶಕಗಳಲ್ಲಿ 65 ಲಕ್ಷಕ್ಕೆ ಇಳಿದ ದೇಶ. ಮುಂದೆ ಬರುವವರು ಕಡಿಮೆಯಾದಾಗ ಹಿಂದಿನದು ರಾಜಕೀಯವಾಗುತ್ತದೆ ಎಂಬುದನ್ನು ಆ ಕಾದಂಬರಿ ಬಲ್ಲದು. ನಮ್ಮ ಗೆದ್ದಲು ಹಿಡಿದ ಬಾಗಿಲಿನ ಕಥೆಗಳಿಗೆ ಈ ಎಚ್ಚರ ಬೇಕಿತ್ತು.

ಆ ರಾಜಕೀಯ ನಮ್ಮಲ್ಲಿ ಶುರುವಾಗಿದೆ. ಲೋಕಸಭಾ ಕ್ಷೇತ್ರಗಳ ಮರುವಿಂಗಡಣೆಯಲ್ಲಿ ಸ್ಥಾನಗಳು ಕಡಿಮೆಯಾಗುತ್ತವೆ ಎಂಬ ದಕ್ಷಿಣದ ರಾಜ್ಯಗಳ ಆತಂಕ ನ್ಯಾಯವಾದದ್ದೇ. ಆದರೆ ಅದಕ್ಕೆ ಉತ್ತರವಾಗಿ ಹೆಚ್ಚು ಮಕ್ಕಳು ಹೆರಿ ಎಂಬ ಕರೆ ಬರುತ್ತಿದೆ. 2024ರ ಅಕ್ಟೋಬರಿನಲ್ಲಿ ಆಂಧ್ರದ ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು ಹಾಗೆ ಮಾತಾಡಿದರು. ನಮ್ಮ ಕಡೆ ಜಾತಿ ಸಮಾವೇಶಗಳ ವೇದಿಕೆಯಲ್ಲೂ ಧಾರ್ಮಿಕ ಸಭೆಗಳಲ್ಲೂ ಇದೇ ಮಾತು ಬೇರೆ ಬೇರೆ ಬಣ್ಣದಲ್ಲಿ ಕೇಳುತ್ತದೆ. ಇಪ್ಪತ್ತರ ಕೊನೆಯಲ್ಲಿರುವ, ಫೆಲೋಶಿಪ್ಪಿನ ಹಣಕ್ಕೆ ತಿಂಗಳು ಕಾಯುವ ನನ್ನಂಥ ಹುಡುಗಿಯರಿಗೆ ಈ ಕರೆ ವೇದಿಕೆಯಿಂದ ಮಾತ್ರ ಬರುವುದಿಲ್ಲ, ಮದುವೆಮನೆಯ ಊಟದ ಪಂಕ್ತಿಯಲ್ಲೂ ಬರುತ್ತದೆ. ಆಗೆಲ್ಲ ನನಗೆ ಪಾರೋತಿ ನೆನಪಾಗುತ್ತಾಳೆ. ವಂಶದ ಚಿಂತೆ ಗಂಡಸರದ್ದು, ಅದರ ಬೆಲೆ ತೆತ್ತವಳು ಅವಳು. ಕಾರಂತರು ಎಂಟು ದಶಕಗಳ ಹಿಂದೆ ಬರೆದಿಟ್ಟ ಆ ಅವಮಾನವನ್ನು ಓದಿದ ಯಾರೂ, ಊರು ಉಳಿಸುವ ಹೊಣೆಯನ್ನು ಹೆಣ್ಣಿನ ಗರ್ಭದ ಮೇಲೆ ಹೊರಿಸಲಾರರು.

ಹಾಗಾದರೆ ಊರು ಉಳಿಯುವುದು ಹೇಗೆ? ಇಲ್ಲಿ ನಾನು ಬದಿಗಿಟ್ಟ ಆ ಇನ್ನೊಂದು ಕಾದಂಬರಿಗೆ, ಸರಸೋತಿಯ ಕಾದಂಬರಿಗೆ ಬರುತ್ತೇನೆ. ಹೆರದೆಯೂ ಉಳಿಸಿದವರ ಕಥೆ ಅದು. ತುಳುನಾಡಿನ ಅಳಿಯಸಂತಾನದಲ್ಲೂ ಇದರ ಒಂದು ನೆನಪಿದೆ. ಅಲ್ಲಿ ಗಂಡಹೆಂಡಿರ ಒಂದು ಜೋಡಿಯ ಫಲವತ್ತತೆಯ ಮೇಲೆ ಮನೆ ನಿಂತಿರಲಿಲ್ಲ. ಅಕ್ಕತಂಗಿಯರ, ಅವರ ಮಕ್ಕಳ ದೊಡ್ಡ ಕುಟುಂಬವೊಂದು ಮನೆಯನ್ನು ಹೊತ್ತಿತ್ತು. ಆ ಪದ್ಧತಿ ಸ್ವರ್ಗವಾಗಿರಲಿಲ್ಲ, ಯಜಮಾನಿಕೆಯ ಕ್ರೌರ್ಯ ಅಲ್ಲೂ ಇತ್ತು, 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ ಆಮೇಲೆ ಅದರ ತಳವೇ ಸಡಿಲಾಯಿತು. ಆದರೆ ‘ನನ್ನ ನಂತರ ಯಾರು’ ಎಂಬ ಪ್ರಶ್ನೆಗೆ ‘ನನ್ನ ಮಗ’ ಒಂದೇ ಉತ್ತರವಲ್ಲ ಎಂಬುದನ್ನು ಈ ನೆಲ ಒಂದು ಕಾಲಕ್ಕೆ ಬಲ್ಲದಾಗಿತ್ತು.

ಈಗಿನ ಉತ್ತರ ನಮ್ಮ ಕಣ್ಣೆದುರೇ ಇದೆ. ಮಲ್ಪೆಯ ದೋಣಿಗಳಲ್ಲಿ ಒಡಿಶಾದ, ಜಾರ್ಖಂಡಿನ ಹುಡುಗರಿದ್ದಾರೆ. ಕಾರ್ಕಳದ ತೋಟಗಳಲ್ಲಿ, ಕಾಪುವಿನ ಹೆದ್ದಾರಿ ಬದಿಯ ಕಟ್ಟಡಗಳಲ್ಲಿ ಉತ್ತರ ಕರ್ನಾಟಕದ ಸಂಸಾರಗಳಿವೆ. ಹೋಟೆಲಿನಲ್ಲಿ ಬನ್ಸ್ ತಂದಿಡುವ ಹುಡುಗ ನೇಪಾಳದವನು. ಒಂದು ಕಾಲಕ್ಕೆ ಮುಂಬಯಿಯಲ್ಲಿ ನಮ್ಮವರು ಏನಾಗಿದ್ದರೋ ಇಲ್ಲಿ ಇವರು ಅದಾಗಿದ್ದಾರೆ. ಮುಂಬಯಿಯ ಕನ್ನಡ ಲೇಖಕರು ಆ ಬದುಕನ್ನು ಬರೆದರು. ಉಡುಪಿಯಿಂದ ಹೋದ ವ್ಯಾಸರಾಯ ಬಲ್ಲಾಳರ ‘ಬಂಡಾಯ’ ಆ ನಗರದ ಕಾರ್ಮಿಕ ಲೋಕದ ಕಾದಂಬರಿ. ಆದರೆ ನಮ್ಮೂರಿಗೆ ದುಡಿಯಲು ಬಂದವರ ಬಗ್ಗೆ ನಮ್ಮ ಕಥನ ಈಗಷ್ಟೇ ಮಾತು ಕಲಿಯುತ್ತಿದೆ. ಅವರು ನಮ್ಮ ಕಥೆಗಳಲ್ಲಿ ಇದ್ದರೂ ಹಿನ್ನೆಲೆಯಲ್ಲಿ, ಹೆಸರಿಲ್ಲದೆ, ‘ಹಿಂದಿಯವರು’, ‘ಘಟ್ಟದ ಮೇಲಿನವರು’ ಎಂದು ಇದ್ದಾರೆ.

ಕಳೆದ ವರ್ಷ ಕಾರ್ಕಳ ತಾಲೂಕಿನ ಒಂದು ಹಳ್ಳಿಯಲ್ಲಿ, ಸಂಶೋಧನೆಯ ಕೆಲಸಕ್ಕೆಂದು ಒಬ್ಬ ಹಿರಿಯರ ಮನೆಗೆ ಹೋಗಿದ್ದೆ. ಪ್ರಾಯ ಎಂಬತ್ತನಾಲ್ಕು. ಮಕ್ಕಳಿಬ್ಬರೂ ಹೊರಗೆ. ನನ್ನನ್ನು ಕಂಡ ಕೂಡಲೇ “ನೀನು ಯಾರ ಪೈಕಿ ಮಗಾ?” ಎಂದು ಕೇಳಿ, ಉತ್ತರ ಸಿಕ್ಕ ಮೇಲೆ ಕುಳ್ಳಿರಿಸಿದರು. ಮನೆಯಲ್ಲಿ ಅವರನ್ನು ನೋಡಿಕೊಳ್ಳುತ್ತಿದ್ದವಳು ಘಟ್ಟದಾಚೆಯ ಬಯಲುಸೀಮೆಯಿಂದ ಬಂದ ಇಪ್ಪತ್ತೆರಡರ ಹೋಂ ನರ್ಸ್. ಅಜ್ಜಿ ಅವಳಿಗೆ ತುಳುವಿನಲ್ಲಿ ಬೈಯುತ್ತಿದ್ದರು, ಅವಳು ತುಳುವಿನಲ್ಲೇ ಎದುರುತ್ತರ ಕೊಡುತ್ತಿದ್ದಳು. “ನನ್ನ ಮೊಮ್ಮಗಳಿಗೆ ತುಳು ಬರುವುದಿಲ್ಲ. ಇವಳಿಗೆ ಆರೇ ತಿಂಗಳಲ್ಲಿ ಬಂತು. ಎಂತ ಹೇಳುವುದು” ಎಂದರು ಅಜ್ಜಿ. ಅವರ ದನಿಯಲ್ಲಿ ದುಃಖವಿತ್ತೇ ಮೆಚ್ಚುಗೆಯಿತ್ತೇ ಎಂದು ಗೊತ್ತಾಗಲಿಲ್ಲ. ಎರಡೂ ಇದ್ದಿರಬೇಕು. ಆ ಹುಡುಗಿಗೆ ವಾರದ ರಜೆ ಇಲ್ಲ, ರಾತ್ರಿ ನಿದ್ದೆ ಪೂರ್ತಿ ಇಲ್ಲ, ಊರಿನಲ್ಲಿ ತನ್ನದೇ ಅಜ್ಜಿಯೊಬ್ಬಳನ್ನು ಬಿಟ್ಟು ಬಂದಿದ್ದಾಳೆ ಎಂಬುದನ್ನೂ ಇದರ ಜೊತೆ ಹೇಳಬೇಕು. ಈ ಸಂಬಂಧವನ್ನು ಸುಂದರವಾಗಿಸುವುದು ಸುಲಭ, ನ್ಯಾಯವಲ್ಲ.

ನನ್ನ ಮಟ್ಟಿಗೆ ಕರಾವಳಿಯ ಮುಂದಿನ ಕಾದಂಬರಿ ಇರುವುದು ಆ ಒಳಕೋಣೆಯಲ್ಲಿ. ಮುದುಕಿಗೆ ಬರೀ ನೆನಪುಗಳಲ್ಲ, ಬಯಕೆ, ಹಠ, ಸಣ್ಣತನ, ಲೆಕ್ಕಾಚಾರ ಎಲ್ಲವೂ ಇವೆ. ಹುಡುಗಿಗೆ ಹೆಸರಿದೆ, ಊರಿದೆ, ಸಂಬಳದ ಜಗಳವಿದೆ. ಇಬ್ಬರ ನಡುವೆ ಜಾತಿ ಇದೆ, ಅಡಿಗೆಮನೆಯ ಹೊಸ್ತಿಲು ದಾಟಬಹುದೇ ಎಂಬ ಹಳೆಯ ಪ್ರಶ್ನೆ ಇದೆ. ಯಾರ ಮಾತನ್ನು ಯಾರು ಕಲಿಯುತ್ತಾರೆ ಎಂಬುದಿದೆ. ಅಜ್ಜಿ ತೀರಿಕೊಂಡ ಮೇಲೆ ಮನೆಗೆ ಬೀಗ ಹಾಕಲು ಬರುವ ಮಗನೂ ಇರಲಿ, ಆದರೆ ಕಥೆಯನ್ನು ಅವನ ಕೈಗೆ ಕೊಡುವುದು ಬೇಡ. ವಿಮರ್ಶೆಯ ಕೆಲಸವೂ ಇಲ್ಲಿ ಸ್ವಲ್ಪ ಇದೆ. ‘ಮರಳಿ ಮಣ್ಣಿಗೆ’ಯನ್ನು ತರಗತಿಯಲ್ಲಿ ಪಾಠ ಮಾಡುವಾಗ ಐತಾಳ, ಲಚ್ಚ, ರಾಮ ಎಂದು ಮೂರು ಹೆಸರು ಬರೆದು ನಿಲ್ಲಿಸದೆ, ಸರಸೋತಿ, ಪಾರೋತಿ, ನಾಗವೇಣಿ ಎಂದೂ ಬರೆದು, ಮನೆ ನಿಂತದ್ದು ಯಾರ ದುಡಿಮೆಯಿಂದ ಎಂದು ವಿದ್ಯಾರ್ಥಿಗಳನ್ನು ಕೇಳಬಹುದು. ಉಡುಪಿಯ ಕಡೆಯ ಕಾಲೇಜುಗಳ ಆ ತರಗತಿಯಲ್ಲಿ ಘಟ್ಟದ ಮೇಲಿನಿಂದ ದುಡಿಯಲು ಬಂದವರ ಮಕ್ಕಳೂ ಈಗ ಕೂತಿದ್ದಾರೆ. ಕನ್ನಡವನ್ನು, ಕೆಲವರು ತುಳುವನ್ನೂ, ಇಲ್ಲಿಯೇ ಕಲಿತವರು. ಮೂರನೆಯ ತಲೆಮಾರು ಎಲ್ಲಿದೆ ಎಂಬ ಪ್ರಶ್ನೆಗೆ ಅವರು ಕೈ ಎತ್ತಿದರೆ, ನಾವು ಅವರನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತೇವೆಯೇ?